ಅರವತ್ತು ದಾಟಿದ ಮೇಲೆ ಹೊಸ ಸಸಿ

ಕಣಗಿನಹಾಳದ ಗೌಡರಿಂದ ನಮ್ಮ ತೋಟಗಳಿಗೆ ಒಂದು ಪಾಠ

"ಇನ್ನು ನಮ್ಮಿಂದ ಏನಾದೀತು? ಇದ್ದದ್ದನ್ನು ಕಾಯ್ದುಕೊಂಡರೆ ಸಾಕು." ಅಡಿಕೆ ಮೂಟೆ ಇಳಿಸಿ, ತೂಕದ ಸರದಿಗಾಗಿ ಸಂಘದ ಜಗಲಿಯಲ್ಲಿ ಕುಳಿತ ಹಿರಿಯ ಬೆಳೆಗಾರರ ಬಾಯಲ್ಲಿ ಈ ಮಾತು ಕೇಳಿಬರದ ದಿನವಿಲ್ಲ. ಮಾತಿನಲ್ಲಿ ಸುಳ್ಳೇನೂ ಇಲ್ಲ. ಮಂಡಿ ನೋಯುತ್ತದೆ, ಗುಡ್ಡ ಹತ್ತಿದರೆ ಏದುಸಿರು ಬರುತ್ತದೆ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಇಲ್ಲವೆ ಅದಕ್ಕಿಂತಲೂ ದೂರದಲ್ಲಿದ್ದಾರೆ. ಒಂದು ಕಡೆ ಹಳದಿ ಎಲೆ ರೋಗ, ಇನ್ನೊಂದು ಕಡೆ ಎಲೆಚುಕ್ಕೆ ರೋಗ. ಕೊನೆ ಕೊಯ್ಯಲು ಆಳಿಲ್ಲ. ಇಂಥ ಸ್ಥಿತಿಯಲ್ಲಿ ಎರಡು ಎಕರೆ, ಮೂರು ಎಕರೆ ತೋಟದ ಯಜಮಾನನು ಕೈಕಟ್ಟಿ ಕೂಡುವುದೇ ಬುದ್ಧಿವಂತಿಕೆ ಎಂದುಕೊಂಡರೆ ಅವನನ್ನು ದೂರುವಂತಿಲ್ಲ.

ಆದರೆ ತೋಟಕ್ಕೆ ಈ ಬುದ್ಧಿವಂತಿಕೆ ತಿಳಿಯುವುದಿಲ್ಲ. ಸತ್ತ ಮರದ ಜಾಗದಲ್ಲಿ ಸಸಿ ಬೀಳದಿದ್ದರೆ ಹತ್ತು ವರ್ಷದಲ್ಲಿ ತೋಟ ಬೋಳಾಗುತ್ತದೆ. "ಕಾಯ್ದುಕೊಂಡರೆ ಸಾಕು" ಎಂದವನ ಕಣ್ಣೆದುರಿಗೇ ಕಾಯ್ದುಕೊಳ್ಳಬೇಕಾದದ್ದು ಕರಗಿಹೋಗುತ್ತದೆ. ಆದ್ದರಿಂದ ಅರವತ್ತರ ಮೇಲೆ ಹೊಸದೊಂದಕ್ಕೆ ಕೈಹಾಕುವುದು ಉಂಟೇ, ಇಲ್ಲವೇ ಎಂಬ ಪ್ರಶ್ನೆ ನಮ್ಮ ಸದಸ್ಯರಲ್ಲಿ ಅನೇಕರಿಗೆ ಹೊಟ್ಟೆಪಾಡಿನ ಪ್ರಶ್ನೆಯೇ ಆಗಿದೆ.

ಇದಕ್ಕೆ ಉತ್ತರ ಹುಡುಕುತ್ತ ಈ ಸಲ ನಮ್ಮ ಮಲೆನಾಡು, ಕರಾವಳಿಗಳನ್ನು ಬಿಟ್ಟು ಬಯಲುಸೀಮೆಯ ಕಡೆಗೆ ಹೋಗೋಣ. ಅಡಿಕೆ ನೆರಳಿಲ್ಲದ, ಕಾಫಿ ಗಿಡವನ್ನೇ ಕಾಣದ ಸೀಮೆ ಅದು. ಆದರೆ ನಾವು ಇಂದು ಯಾವ ಸಹಕಾರ ಸಂಘದ ಕಟ್ಟೆಯ ಮೇಲೆ ಕುಳಿತು ನಿಟ್ಟುಸಿರು ಬಿಡುತ್ತೇವೋ ಆ ಕಟ್ಟೆಗೆ ಮೊದಲ ಕಲ್ಲಿಟ್ಟವರಲ್ಲಿ ಒಬ್ಬರು ಆ ಸೀಮೆಯವರು. ಕಲ್ಲಿಟ್ಟಾಗ ಅವರ ವಯಸ್ಸು ಅರವತ್ತೆರಡು.

ಎರೆಯ ಸೀಮೆ

ಗದಗ ಪಟ್ಟಣದಿಂದ ವಾಯವ್ಯಕ್ಕೆ ನರಗುಂದ, ಉತ್ತರಕ್ಕೆ ರೋಣ, ಈಶಾನ್ಯಕ್ಕೆ ಗಜೇಂದ್ರಗಡ. ಮೂರೂ ಇಂದು ಗದಗ ಜಿಲ್ಲೆಯ ತಾಲೂಕು ಕೇಂದ್ರಗಳು. 1997ರವರೆಗೆ ಇವೆಲ್ಲ ಧಾರವಾಡ ಜಿಲ್ಲೆಯಲ್ಲಿದ್ದವು. ಗಜೇಂದ್ರಗಡವಂತೂ ರೋಣದಿಂದ ಬೇರ್ಪಟ್ಟು ಈಚೆಗೆ ತಾಲೂಕಾದದ್ದು. ಕಣ್ಣು ಹಾಯಿಸಿದಷ್ಟು ದೂರ ಎರೆ ಭೂಮಿ, ನಡುವೆ ಅಲ್ಲಲ್ಲಿ ಜಾಲಿ, ಬೇವು. ನರಗುಂದದಲ್ಲೂ ಗಜೇಂದ್ರಗಡದಲ್ಲೂ ಕೋಟೆ ಹೊತ್ತ ಗುಡ್ಡಗಳಿವೆ. ಗಜೇಂದ್ರಗಡದ ಗುಡ್ಡಗಳ ಸಾಲಿನಲ್ಲಿ ಈಗ ಗಾಳಿ ಯಂತ್ರಗಳು ತಿರುಗುತ್ತಿವೆ.

ನಮ್ಮಲ್ಲಿ ಮೂರು ಸಾವಿರ ಮಿಲಿಮೀಟರ್ ಮಳೆ ಬಿದ್ದರೂ "ಈ ವರ್ಷ ಕಡಿಮೆ" ಎನ್ನುವುದುಂಟು. ಅಲ್ಲಿ ವರ್ಷಕ್ಕೆ ಆರುನೂರರ ಆಸುಪಾಸು ಬಿದ್ದರೆ ಅದೇ ಸುಕಾಲ. ಮುಂಗಾರಿಗೆ ಹೆಸರು, ಶೇಂಗಾ, ಉಳ್ಳಾಗಡ್ಡಿ. ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬೆ, ಗೋಧಿ. ಇವುಗಳ ಜೊತೆಗೆ ಹತ್ತಿ. ಹುಬ್ಬಿ, ಉತ್ತರಿ, ಹಸ್ತ ಮಳೆಗಳಲ್ಲಿ ನೆಲ ಹಿಡಿದಿಟ್ಟುಕೊಂಡ ತೇವದ ಮೇಲೆಯೇ ಹಿಂಗಾರಿ ಜೋಳ ಬೆಳೆದು ನಿಲ್ಲಬೇಕು. ಆಮೇಲೆ ಒಂದು ಹನಿ ಬೀಳದಿದ್ದರೂ ಸರಿಯೇ.

ಅಲ್ಲಿಯ ರೈತನಿಗೂ ನಮಗೂ ಇರುವ ದೊಡ್ಡ ವ್ಯತ್ಯಾಸ ಮಳೆಯದ್ದಲ್ಲ, ತೀರ್ಮಾನದ್ದು. ನಾವು ಒಮ್ಮೆ ಅಡಿಕೆ ನೆಟ್ಟರೆ ನಲವತ್ತು ವರ್ಷ ಮತ್ತೆ ಯೋಚಿಸುವ ಅಗತ್ಯವಿಲ್ಲ. ಎರೆ ಸೀಮೆಯ ರೈತ ಪ್ರತಿ ವರ್ಷ, ಕೆಲವೊಮ್ಮೆ ವರ್ಷಕ್ಕೆರಡು ಸಲ, ಹೊಲದ ಬದುವಿನ ಮೇಲೆ ನಿಂತು ಹೊಸದಾಗಿ ತೀರ್ಮಾನಿಸಬೇಕು. ಮುಂಗಾರು ಕೈಕೊಟ್ಟರೆ ಹೆಸರು ಬಿಟ್ಟು ಹಿಂಗಾರಿಗೆ ಕಾಯಬೇಕು. ಹಸ್ತ ಮಳೆ ತಡವಾದರೆ ಜೋಳ ಬಿಟ್ಟು ಕಡಲೆಗೆ ಹೋಗಬೇಕು. ಎಪ್ಪತ್ತರ ಮುದುಕನಿಗೂ ಇದರಿಂದ ವಿನಾಯಿತಿಯಿಲ್ಲ. ಹೀಗಾಗಿ ಹೊಸದಾಗಿ ಆರಂಭಿಸುವುದು ಅವರಿಗೆ ಕಸುಬಿನ ಭಾಗ. ನಮಗೆ ಅದು ಅಪರೂಪ. ಅಪರೂಪವಾದುದರಿಂದಲೇ ಅದರ ಹೆದರಿಕೆ ಹೆಚ್ಚು.

ಸಾಲದ ಕಾಲ

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಹತ್ತಿ ಮಾರಿದರೆ ನಗದು ಹಣ ಬರುತ್ತಿತ್ತು. ಆದರೆ ಬಿತ್ತುವುದಕ್ಕೂ ಮಾರುವುದಕ್ಕೂ ನಡುವಿನ ತಿಂಗಳುಗಳನ್ನು ದಾಟಿಸಲು ಸಾವುಕಾರನೇ ಗತಿ. ಮಳೆ ಬಂದರೆ ಬಡ್ಡಿ ತೀರುತ್ತಿತ್ತು; ಬಾರದಿದ್ದರೆ ಹೊಲ ಹೋಗುತ್ತಿತ್ತು. ಇದೇ ಪ್ರಾಂತದ ಪುಣೆ, ಅಹ್ಮದ್‌ನಗರ ಜಿಲ್ಲೆಗಳಲ್ಲಿ 1875ರಲ್ಲಿ ರೈತರು ಸಾವುಕಾರರ ಮನೆಗಳಿಗೆ ನುಗ್ಗಿ ಸಾಲದ ಪತ್ರಗಳನ್ನು ಸುಟ್ಟುಹಾಕಿದ್ದರು. ಅದರ ಮರುವರ್ಷವೇ ಆರಂಭವಾದ 1876-78ರ ಮಹಾ ಬರಗಾಲ ಧಾರವಾಡ ಜಿಲ್ಲೆಯನ್ನೂ ಹಿಂಡಿತು. ಮತ್ತೆ 1896-97ರಲ್ಲಿ, 1899-1900ರಲ್ಲಿ ದೇಶದಲ್ಲಿ ಬರ. ಇವುಗಳ ನಡುವೆ ಪ್ಲೇಗ್ ಬೇರೆ.

ಗದಗ ತಾಲೂಕಿನ ಕಣಗಿನಹಾಳದ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಹುಟ್ಟಿದ್ದು 1843ರಲ್ಲಿ. ಅಂದರೆ ಮಹಾ ಬರಗಾಲ ಬಂದಾಗ ಅವರಿಗೆ ಮೂವತ್ತಮೂರು. ಶತಮಾನದ ಕೊನೆಯ ಬರದ ಹೊತ್ತಿಗೆ ಐವತ್ತಾರು, ಐವತ್ತೇಳು. ಆ ಕಾಲಕ್ಕೆ ಅದು ಮುಪ್ಪೇ. ಮೊಮ್ಮಕ್ಕಳನ್ನು ಆಡಿಸುತ್ತ, ಪುರಾಣ ಕೇಳುತ್ತ ಕಟ್ಟೆಯ ಮೇಲೆ ಕುಳಿತಿದ್ದರೆ ಊರಿನಲ್ಲಿ ಯಾರೂ ಏನೂ ಅನ್ನುತ್ತಿರಲಿಲ್ಲ.

1904ರಲ್ಲಿ ಒಂದು ಕಾಯಿದೆ ಬಂತು. ಜರ್ಮನಿಯಲ್ಲಿ ರೈಫೈಸೆನ್ ಎಂಬ ಗೃಹಸ್ಥರು ಹಳ್ಳಿಯ ರೈತರನ್ನು ಕೂಡಿಸಿ ಕಟ್ಟಿದ ಪತ್ತಿನ ಸಂಘಗಳ ಮಾದರಿಯನ್ನು ಮದರಾಸು ಪ್ರಾಂತದ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ಅಭ್ಯಾಸ ಮಾಡಿ ವರದಿ ಬರೆದಿದ್ದರು. ಅದರ ಬೆನ್ನಿಗೆ ಬಂದದ್ದು ಸಹಕಾರ ಪತ್ತಿನ ಸಂಘಗಳ ಕಾಯಿದೆ. ಒಂದೇ ಊರಿನ ಹತ್ತು ಮಂದಿ ಸೇರಿದರೆ ಸಂಘ ಮಾಡಬಹುದು. ಗ್ರಾಮೀಣ ಸಂಘವಾದರೆ ಐದರಲ್ಲಿ ನಾಲ್ಕು ಪಾಲು ಸದಸ್ಯರು ರೈತರಾಗಿರಬೇಕು. ಸಾಲ ಸದಸ್ಯರಿಗೆ ಮಾತ್ರ. ಬಂದ ಲಾಭ ಮೊದಲು ಆಪದ್ಧನ ನಿಧಿಗೆ.

ಮರುವರ್ಷ, 1905ರಲ್ಲಿ, ಕಣಗಿನಹಾಳದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ಏಷ್ಯಾ ಖಂಡದಲ್ಲಿಯೇ ಮೊದಲನೆಯದೆಂದು ಅದಕ್ಕೆ ಹೆಸರು. ಅದರ ಮುಂದಾಳು ಅರವತ್ತೆರಡರ ಸಿದ್ಧನಗೌಡರು.

ಸಹಿ ಮಾಡುವ ಕೈಯ ಧೈರ್ಯ

ಇಂದು ಸಂಘಕ್ಕೆ ಸೇರುವುದೆಂದರೆ ಷೇರು ಹಣ ಕಟ್ಟಿ ರಸೀದಿ ಪಡೆಯುವುದು. ಸಂಘ ಮುಳುಗಿದರೆ ನಮ್ಮ ಷೇರು ಹೋದೀತು, ಅಷ್ಟೆ. ಆದರೆ 1904ರ ಕಾಯಿದೆಯಲ್ಲಿ ಹಳ್ಳಿಯ ಸಂಘಗಳಿಗೆ ವಿಧಿಸಿದ್ದ ನಿಯಮ ಬೇರೆ. ಅದರ ಹೆಸರು ಅಪರಿಮಿತ ಹೊಣೆ. ಸಂಘ ಸಾಲ ತೀರಿಸಲಾಗದೆ ಹೋದರೆ ಪ್ರತಿಯೊಬ್ಬ ಸದಸ್ಯನೂ ತನ್ನ ಇಡೀ ಆಸ್ತಿಯ ಮಟ್ಟಿಗೆ ಅದಕ್ಕೆ ಹೊಣೆ.

ಇದರ ಅರ್ಥವನ್ನು ಸ್ವಲ್ಪ ಯೋಚಿಸಿ. ಎರಡು ಕೂರಿಗೆ ಹೊಲದವನು ಸಹಿ ಹಾಕಿದರೆ ಅವನು ಕಳೆದುಕೊಳ್ಳಬಹುದಾದದ್ದು ಎರಡು ಕೂರಿಗೆ. ನೂರು ಎಕರೆಯವನು ಸಹಿ ಹಾಕಿದರೆ ನೂರು ಎಕರೆಯೂ ಪಣಕ್ಕೆ ಬಿದ್ದಂತೆ. ಉಳ್ಳವನಿಗೆ ಸಾಲದ ಅಗತ್ಯ ಕಡಿಮೆ, ಅಪಾಯ ಹೆಚ್ಚು. ನಷ್ಟವಾದರೆ ಮತ್ತೆ ದುಡಿದು ಎದ್ದು ನಿಲ್ಲುವ ಕಾಲಾವಕಾಶ ಮೂವತ್ತರ ಯುವಕನಿಗಿದೆ, ಅರವತ್ತೆರಡರ ಹಿರಿಯನಿಗಿಲ್ಲ. ಇಂಥ ಕಾಗದಕ್ಕೆ ಊರಿನ ಹಿರಿಯರು ಮೊದಲಾಗಿ ನಿಂತರು. ಹಿಂದೆ ಯಾರೂ ನಡೆದು ತೋರಿಸಿದ ದಾರಿ ಇರಲಿಲ್ಲ. "ಪಕ್ಕದ ಊರಲ್ಲಿ ಹೇಗಾಯಿತು ನೋಡಿ ಬರೋಣ" ಎನ್ನಲು ಪಕ್ಕದ ಊರಲ್ಲಿ ಸಂಘವೇ ಇರಲಿಲ್ಲ.

ಹಾಗಾದರೆ ವಯಸ್ಸು ಅವರಿಗೆ ಅಡ್ಡಿಯಾಗಿತ್ತೇ? ನಮ್ಮ ಎಣಿಕೆಯಲ್ಲಿ, ವಯಸ್ಸೇ ಆ ಸಂಘದ ಮೊದಲ ಬಂಡವಾಳವಾಗಿತ್ತು. ಅಪರಿಮಿತ ಹೊಣೆಯ ಸಂಘ ನಿಲ್ಲುವುದು ಒಂದೇ ಒಂದು ತಿಳಿವಳಿಕೆಯ ಮೇಲೆ: ಯಾರಿಗೆ ಕೊಟ್ಟರೆ ಹಣ ತಿರುಗಿ ಬಂದೀತು, ಯಾರಿಗೆ ಕೊಟ್ಟರೆ ಬಾರದು. ಇದು ಓದಿನಿಂದ ಬರುವ ಜ್ಞಾನವಲ್ಲ. ಮೂರು ಬರಗಾಲಗಳಲ್ಲಿ ಯಾರು ಹೇಗೆ ನಡೆದುಕೊಂಡರು, ಯಾರು ಎತ್ತು ಮಾರಿಯಾದರೂ ಮಾತು ಉಳಿಸಿಕೊಂಡರು, ಯಾರು ಸುಗ್ಗಿಯಾದರೂ ಮುಖ ತಪ್ಪಿಸಿ ತಿರುಗಿದರು ಎಂಬುದನ್ನು ಅರವತ್ತು ವರ್ಷ ಒಂದೇ ಊರಿನಲ್ಲಿ ಬಾಳಿದವನು ಬಲ್ಲ. ಇಪ್ಪತ್ತೈದರ ಹುಡುಗ ಎಷ್ಟೇ ಚುರುಕಾಗಿದ್ದರೂ ಬಲ್ಲನೇ?

ಇನ್ನೊಂದು ಮಾತು. ಸಿದ್ಧನಗೌಡರು ಸಂಘ ಕಟ್ಟಿದ ಮೇಲೆ ಇಪ್ಪತ್ತೆಂಟು ವರ್ಷ ಬದುಕಿದರು. 1933ರಲ್ಲಿ ಅವರು ತೀರಿಕೊಂಡಾಗ ತೊಂಬತ್ತು. ಈ ಇಪ್ಪತ್ತೆಂಟು ವರ್ಷಗಳಲ್ಲಿ ಅವರ ಕಣ್ಣೆದುರು ಏನೆಲ್ಲ ಆಯಿತು! 1912ರಲ್ಲಿ ಎರಡನೆಯ ಕಾಯಿದೆ ಬಂದು ಮಾರಾಟ, ಖರೀದಿ ಮುಂತಾದ ಕೆಲಸಗಳಿಗೂ ಸಂಘ ಮಾಡಲು ದಾರಿಯಾಯಿತು. 1915ರಲ್ಲಿ ಹುಬ್ಬಳ್ಳಿಯಲ್ಲಿ, 1917ರಲ್ಲಿ ಅವರ ಗದಗಿನಲ್ಲಿಯೇ ಹತ್ತಿ ಮಾರಾಟದ ಸಹಕಾರ ಸಂಘಗಳು ಆರಂಭವಾದವು. ಸಾಲ ಕೊಡುವುದರಿಂದ ಹೊರಟ ಮಾತು ಬೆಳೆದ ಮಾಲಿಗೆ ನ್ಯಾಯವಾದ ಬೆಲೆ ಕೇಳುವವರೆಗೆ ಬಂತು. ಅರವತ್ತೆರಡರಲ್ಲಿ "ಇನ್ನೆಷ್ಟು ದಿನ" ಎಂದು ಅವರು ಹಿಂಜರಿದಿದ್ದರೆ ತಮ್ಮ ಆಯುಸ್ಸಿನ ಮೂರರಲ್ಲೊಂದು ಪಾಲನ್ನು ಬರಿದೆ ಕಳೆದಂತಾಗುತ್ತಿತ್ತು.

ಅದೇ ದಾರಿಯಲ್ಲಿ ನಮ್ಮವರೂ ನಡೆದರು. ಅಡಿಕೆ ಬೆಲೆ ಕುಸಿದು ಬೆಳೆಗಾರ ಕಂಗೆಟ್ಟಿದ್ದಾಗ ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರ ಜುಲೈ 11ರಂದು ಮಂಗಳೂರಿನಲ್ಲಿ ಕ್ಯಾಂಪ್ಕೊ ನೋಂದಣಿಯಾಯಿತು. ಕರ್ನಾಟಕ, ಕೇರಳಗಳ ಬೆಳೆಗಾರರು ಒಂದಾದರು. ಕೊಕ್ಕೊ ಕೊಳ್ಳುವವರಿಲ್ಲದಾದಾಗ ಅದನ್ನೂ ಕೊಂಡು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ಕಟ್ಟಿದ್ದು ಸಂಸ್ಥೆಯ ಇತಿಹಾಸ. ಕಣಗಿನಹಾಳದ ಜೋಳದ ಹೊಲಕ್ಕೂ ಪುತ್ತೂರಿನ ಕಾರ್ಖಾನೆಗೂ ನಡುವೆ ಒಂದೇ ದಾರ ಹಾದುಹೋಗಿದೆ ಎಂದರೆ ಉತ್ಪ್ರೇಕ್ಷೆಯಲ್ಲ.

ನರಗುಂದ ಹೇಳುವ ಎಚ್ಚರಿಕೆ

ಧೈರ್ಯವೊಂದಿದ್ದರೆ ಎಲ್ಲವೂ ಆದೀತು ಎಂದು ಹೇಳಿ ಕೈತೊಳೆದುಕೊಂಡರೆ ಅದು ಸದಸ್ಯರಿಗೆ ಮಾಡುವ ಮೋಸವಾದೀತು. ಅದೇ ಸೀಮೆಯ ನರಗುಂದ ಇನ್ನೊಂದು ಮುಖವನ್ನೂ ತೋರಿಸಿದೆ.

ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ಮಲಪ್ರಭಾ ನದಿಗೆ ಅಣೆಕಟ್ಟೆಯಾಗಿ 1970ರ ದಶಕದಲ್ಲಿ ನರಗುಂದ, ನವಲಗುಂದಗಳ ಎರೆ ಹೊಲಗಳಿಗೆ ಕಾಲುವೆ ಬಂತು. ಒಣಬೇಸಾಯ ಬಿಟ್ಟರೆ ಬೇರೆ ತಿಳಿಯದ ರೈತರು ನೀರಾವರಿಗೆ ಇಳಿದರು. ಧಾರವಾಡದಲ್ಲಿ ಡಾ. ಬಿ. ಎಚ್. ಕಟರ್ಕಿಯವರು ರೂಪಿಸಿ 1972ರಲ್ಲಿ ಹೊರಬಂದ ವರಲಕ್ಷ್ಮಿ ಹತ್ತಿ ಆಗ ಹೊಸ ಆಸೆ. ಉದ್ದನೆಯ ಎಳೆಯ, ಒಳ್ಳೆಯ ಬೆಲೆಯ ಹತ್ತಿ. ಬೀಜ, ಗೊಬ್ಬರ, ಔಷಧಿಗಳ ಖರ್ಚೂ ಅಷ್ಟೇ ದೊಡ್ಡದು. ರೈತರು ಸಾಲ ಮಾಡಿ ಬೆಳೆದರು. ಆಮೇಲೆ ಬೆಲೆ ಬಿತ್ತು. ಕಾಲುವೆಯ ಕೊನೆಯ ಹೊಲಗಳಿಗೆ ನೀರು ಸರಿಯಾಗಿ ಮುಟ್ಟಲಿಲ್ಲ. ಆದರೆ ನೀರಾವರಿಯಿಂದ ಜಮೀನಿನ ಬೆಲೆ ಏರಿತೆಂದು ವಿಧಿಸಿದ ಬೆಟರ್‌ಮೆಂಟ್ ಲೆವಿಯ ನೋಟೀಸು ಮಾತ್ರ ತಪ್ಪದೆ ಮುಟ್ಟಿತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಸಿಡಿದ ರೈತ ಬಂಡಾಯ, ಗೋಲೀಬಾರು, ಸತ್ತ ರೈತರು, ಆಮೇಲೆ ನಾಡಿನಾದ್ಯಂತ ಹಬ್ಬಿದ ಚಳವಳಿ, ರಾಜ್ಯ ರೈತ ಸಂಘದ ಉದಯ, ಇವೆಲ್ಲ ಹಿರಿಯ ಸದಸ್ಯರ ನೆನಪಿನಲ್ಲಿಯೇ ಇವೆ. 2015ರ ಜುಲೈನಲ್ಲಿ ಅದೇ ನರಗುಂದದ ರೈತರು ಮಹದಾಯಿ ನೀರಿಗಾಗಿ ಧರಣಿ ಕುಳಿತು ವರ್ಷಗಟ್ಟಲೆ ಎದ್ದಿರಲಿಲ್ಲ.

ನರಗುಂದದ ರೈತರಲ್ಲಿ ಧೈರ್ಯ ಕಡಿಮೆ ಇರಲಿಲ್ಲ. ಆದರೆ ಆ ಹೊಸ ಸಾಹಸದ ಮೂರು ಕೀಲಿಗಳು, ಅಂದರೆ ನೀರು, ಸಾಲ, ಬೆಲೆ, ಮೂರೂ ಬೇರೆಯವರ ಕೈಯಲ್ಲಿದ್ದವು. ಕಣಗಿನಹಾಳದಲ್ಲಿ ಕೀಲಿ ಊರಿನವರ ಕೈಯಲ್ಲಿತ್ತು. ಇಳಿವಯಸ್ಸಿನಲ್ಲಿ ಹೊಸದಕ್ಕೆ ಕೈಹಾಕುವವನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಇದರ ಕೀಲಿ ಎಷ್ಟರ ಮಟ್ಟಿಗೆ ನನ್ನ ಕೈಯಲ್ಲಿದೆ?

ಗಜೇಂದ್ರಗಡದ ಮಗ್ಗದ ಮನೆ

ಗಜೇಂದ್ರಗಡ ನೇಕಾರರ ಊರೂ ಹೌದು. ಸೀರೆ ನೇಯುವ ಮಗ್ಗಗಳ ಸದ್ದು ಅಲ್ಲಿಯ ಓಣಿಗಳಿಗೆ ಹೊಸದಲ್ಲ. ನೆಲಕ್ಕೆ ಕುಣಿ ತೋಡಿ ಕೂರಿಸಿದ ಮಗ್ಗದಲ್ಲಿ ಕಾಲು, ಕೈ, ಕಣ್ಣು ಮೂರೂ ದುಡಿಯಬೇಕು. ಕಾಲಿನ ಕಸುವು ಕುಗ್ಗಿದವರು ಮಗ್ಗದಿಂದ ಮೇಲೇಳುತ್ತಾರೆ ನಿಜ. ಆದರೆ ಮಗ್ಗದ ಮನೆಯಿಂದ ಹೊರಗೆ ಹೋಗುವುದಿಲ್ಲ. ಕಂಡಿಕೆ ಸುತ್ತುತ್ತಾರೆ, ನೂಲು ಬಿಡಿಸುತ್ತಾರೆ, ಹಾಸು ಹೂಡಲು ನೆರವಾಗುತ್ತಾರೆ, ಎಳೆಯರ ಕೈ ತಿದ್ದುತ್ತಾರೆ. ಕಂಡಿಕೆ ಇಲ್ಲದಿದ್ದರೆ ಮಗ್ಗವೇ ನಿಲ್ಲುತ್ತದೆ.

ನಮ್ಮ ತೋಟಗಳಲ್ಲಿ ನಾವು ಇದನ್ನು ಮರೆತಿದ್ದೇವೆ. ಮರ ಹತ್ತಲಾಗದವನಿಗೆ, ಗುದ್ದಲಿ ಹಿಡಿಯಲಾಗದವನಿಗೆ ತೋಟದಲ್ಲಿ ಕೆಲಸವಿಲ್ಲವೆಂದು ನಾವೇ ತೀರ್ಮಾನಿಸಿಬಿಟ್ಟಿದ್ದೇವೆ. ತೋಟದಲ್ಲಿಯೂ ಕಂಡಿಕೆ ಸುತ್ತುವಂಥ ಕೆಲಸಗಳಿಲ್ಲವೇ? ಹೊಸ ಸಾಹಸವೆಂದರೆ ಹೊಸ ಗುಡ್ಡ ಕಡಿದು ತೋಟ ಮಾಡುವುದೇ ಆಗಬೇಕಾಗಿಲ್ಲ.

ಆಯುಸ್ಸಿನ ಲೆಕ್ಕ, ಬೆಳೆಯ ಲೆಕ್ಕ

ಈಗ ಭಾವನೆಗಳನ್ನು ಬದಿಗಿಟ್ಟು ಲೆಕ್ಕ ಹಾಕೋಣ. ಅಡಿಕೆಯ ಊರ ತಳಿ ನೆಟ್ಟರೆ ಮೊದಲ ಕೊನೆ ಕಾಣಲು ಐದರಿಂದ ಏಳು ವರ್ಷ. ಮಂಗಳದಂಥ ಸುಧಾರಿತ ತಳಿ ಅದಕ್ಕಿಂತ ಬೇಗ. ಆದರೂ ತುಂಬು ಇಳುವರಿಗೆ ಹತ್ತು ವರ್ಷದ ಮಾತು. ಒಂಬತ್ತಡಿ ಅಂತರದಲ್ಲಿ ಎಕರೆಗೆ ಸುಮಾರು 550 ಸಸಿ. ಅರವತ್ತೆರಡರಲ್ಲಿ ನೆಟ್ಟವನು ಅರವತ್ತೆಂಟಕ್ಕೆ ಮೊದಲ ಅಡಿಕೆ ಸುಲಿಸಬಹುದು, ಎಪ್ಪತ್ತೆರಡಕ್ಕೆ ತುಂಬು ಫಸಲು. ಅರೇಬಿಕ ಕಾಫಿಗೆ ಮೂರು-ನಾಲ್ಕು ವರ್ಷ. ಕೊಕ್ಕೊಗೂ ಹೆಚ್ಚುಕಡಿಮೆ ಅಷ್ಟೆ. ಕರಿಮೆಣಸು ಮೂರನೆಯ ವರ್ಷಕ್ಕೆ ಕರೆ ಬಿಡುತ್ತದೆ, ಏಳೆಂಟಕ್ಕೆ ತುಂಬಿಕೊಳ್ಳುತ್ತದೆ. ಕಸಿ ಜಾಯಿಕಾಯಿ ನಾಲ್ಕೈದು ವರ್ಷ.

ಈ ಪಟ್ಟಿಯನ್ನು ನೋಡಿದರೆ ಮೆಟ್ಟಿಲುಗಳು ತಾವೇ ಕಾಣುತ್ತವೆ. ಹಿರಿಯ ಬೆಳೆಗಾರನು ಸಸಿಯಿಂದ ಆರಂಭಿಸದೆ, ನಿಂತಿರುವ ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸುವುದರಿಂದ ಆರಂಭಿಸಬಹುದು. ಮೂರನೆಯ ವರ್ಷ ಮೆಣಸಿನಿಂದ ಬಂದ ಹಣದಲ್ಲಿ ಹಳೆಯ ಮರಗಳ ನಡುವೆ ಅಡಿಕೆ ಸಸಿ ಇಡಬಹುದು. ಹಳೆಯ ಮರವನ್ನು ಒಂದೇ ಸಲ ಕಡಿಯುವ ಅಗತ್ಯವಿಲ್ಲ. ಹಾಗೆಂದು ಅಜ್ಜ ನೆಟ್ಟ ಆಲದ ಮರವೆಂದು ನೇಣು ಹಾಕಿಕೊಳ್ಳುವುದೂ ಬೇಡ. ರೋಗ ಹಿಡಿದು ಐದು ವರ್ಷದಿಂದ ಫಲವಿಲ್ಲದ ಮರದ ಮೇಲೆ ಮಮತೆಯಿಟ್ಟು ಜಾಗ ಕೆಡಿಸಬಾರದು.

ಮೆಣಸಿನ ನರ್ಸರಿಯಂತೂ ಹಿರಿಯರಿಗೆ ಹೇಳಿ ಮಾಡಿಸಿದ ಕಸುಬು. ಫೆಬ್ರವರಿ, ಮಾರ್ಚ್‌ನಲ್ಲಿ ಒಳ್ಳೆಯ ತಾಯಿಬಳ್ಳಿಯ ಬುಡದಿಂದ ಹರಿದುಬಂದ ಬಳ್ಳಿ ಕತ್ತರಿಸಿ, ಎರಡು ಮೂರು ಗೆಣ್ಣಿನ ತುಂಡು ಮಾಡಿ, ಮಣ್ಣು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ನೆರಳಿಗಿಟ್ಟರೆ ಮಳೆಗಾಲಕ್ಕೆ ಗಿಡ ಸಿದ್ಧ. ಇದಕ್ಕೆ ಬೇಕಾದ್ದು ತೋಳ್ಬಲವಲ್ಲ. ಯಾವ ಬಳ್ಳಿ ಹತ್ತು ವರ್ಷದಿಂದ ಸೊರಗದೆ ನಿಂತಿದೆ, ಯಾವುದಕ್ಕೆ ಕೊಳೆರೋಗ ತಟ್ಟಿಲ್ಲ ಎಂಬ ನೆನಪು. ಆ ನೆನಪು ಇರುವುದು ಮನೆಯ ಹಿರಿಯನಲ್ಲಿ.

ಹೀಗೆಯೇ ಜೇನು, ಹಾಳೆತಟ್ಟೆ, ಬಾಳೆಹಣ್ಣಿನ ಸುಕೇಳಿ. ಜೇನಿನವರ ಕಥೆಯೂ ಕೇಳತಕ್ಕದ್ದೇ. 1991ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ನಮ್ಮ ಭಾಗದ ತುಡುವೆ ಕುಟುಂಬಗಳು ಬಹುಪಾಲು ನಾಶವಾದವು. ಪೆಟ್ಟಿಗೆಗಳು ಖಾಲಿಯಾಗಿ ಅಟ್ಟ ಸೇರಿದವು. ಉಳಿದ ಕುಟುಂಬಗಳನ್ನು ಹುಡುಕಿ, ಮತ್ತೆ ಪೆಟ್ಟಿಗೆಗೆ ಕೂಡಿಸಿ, ಕಸುಬನ್ನು ಮೊದಲಿನಿಂದ ಹಿಡಿದವರಿಂದಲೇ ಇಂದು ತೋಟಗಳಲ್ಲಿ ಮತ್ತೆ ತುಡುವೆಯ ಸದ್ದಿದೆ. ಕಾಫಿಯವರಿಗೂ ದಾರಿಯಿದೆ. ಹಿಂದೆ ಬೆಳೆದ ಕಾಫಿಯನ್ನೆಲ್ಲ ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಬೇಕಾಗಿತ್ತು. 1996ರ ಹೊತ್ತಿಗೆ ಆ ಕಟ್ಟು ಪೂರ್ತಿ ಸಡಿಲವಾಯಿತು. ತನ್ನ ತೋಟದ ಕಾಫಿಯನ್ನು ತಾನೇ ಹುರಿದು, ಪುಡಿ ಮಾಡಿ, ಹತ್ತಿರದ ಪೇಟೆಯಲ್ಲಿ ಮಾರಲು ಇಂದು ಬೆಳೆಗಾರನಿಗೆ ಯಾರ ಅಡ್ಡಿಯೂ ಇಲ್ಲ.

ಈ ಕೆಲಸಗಳಲ್ಲಿ ಮನೆಯ ಹೆಂಗಸರನ್ನು ಮರೆಯಬಾರದು. ಮಕ್ಕಳ ಮದುವೆಯಾಗಿ, ಬಾಣಂತನಗಳು ಮುಗಿದು, ಐವತ್ತೈದರಲ್ಲಿ ಮೊದಲ ಬಾರಿಗೆ ತಮ್ಮದೆಂಬ ಹೊತ್ತು ಕೈಗೆ ಸಿಕ್ಕ ತಾಯಂದಿರು ನಮ್ಮ ಪ್ರತಿ ಊರಿನಲ್ಲೂ ಇದ್ದಾರೆ. ಸುಕೇಳಿಯ ಹದ, ಹಪ್ಪಳದ ಹದ, ಕಾಫಿ ಬೀಜ ಹುರಿಯುವ ಹದ ತಿಳಿದಿರುವುದು ಅವರಿಗೆ. ಕೊರತೆಯಿರುವುದು ಅವರ ಹೆಸರಿನಲ್ಲಿ ಒಂದು ಪಾಸ್‌ಪುಸ್ತಕದ್ದು, ಸಂಘದಲ್ಲಿ ಒಂದು ಷೇರಿನದ್ದು.

ಕೈಹಾಕುವ ಮುನ್ನ

ಹಿರಿಯ ವಯಸ್ಸಿನಲ್ಲಿ ಹೊಸ ಉದ್ಯೋಗಕ್ಕೆ ಇಳಿಯುವ ಸದಸ್ಯರು ಗಮನಿಸಬೇಕಾದ ಕೆಲವು ಮಾತುಗಳು:

1. ಊಟದ ತೋಟವನ್ನು ಪಣಕ್ಕಿಡಬೇಡಿ. ಸಿದ್ಧನಗೌಡರ ಕಾಲದ ಅಪರಿಮಿತ ಹೊಣೆ ಇಂದು ಯಾರಿಗೂ ಬೇಕಾಗಿಲ್ಲ. ಮನೆ, ಮನೆಯ ಪಕ್ಕದ ತೋಟ, ಔಷಧಿಗೆಂದು ಇಟ್ಟ ಠೇವಣಿ, ಈ ಮೂರನ್ನೂ ಮುಟ್ಟದೆ ಆಗುವಷ್ಟನ್ನೇ ಆರಂಭಿಸಿ.

2. ಮೊದಲು ಕೊಳ್ಳುವವನನ್ನು ನೋಡಿ, ಆಮೇಲೆ ಬೆಳೆಯನ್ನು. ನರಗುಂದದ ಪಾಠ ಇದೇ. ನೂರು ಚೀಲ ಮೆಣಸಿನ ಗಿಡ ಮಾಡುವ ಮುನ್ನ ಹತ್ತು ಮನೆ ಕೇಳಿ ಬನ್ನಿ.

3. ಕಿರಿಯನೊಬ್ಬನನ್ನು ಜೊತೆಗಿರಿಸಿಕೊಳ್ಳಿ. ಮಗನಾದರೆ ಸಂತೋಷ, ಮಗನೇ ಆಗಬೇಕೆಂದಿಲ್ಲ. ನೆರೆಮನೆಯ ಹುಡುಗನಿಗೆ ಪಾಲು ಕೊಟ್ಟರೂ ಆಗುತ್ತದೆ. ಓಡಾಟ ಅವನದು, ಅನುಭವ ನಿಮ್ಮದು.

4. ಯಂತ್ರಕ್ಕೆ ನಾಚಬೇಡಿ. ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ನೆಲದ ಮೇಲೆ ನಿಂತೇ ಕೊನೆ ಕೊಯ್ಯಬಹುದು, ಬೋರ್ಡೊ ದ್ರಾವಣ ಹೊಡೆಯಬಹುದು. ಅದಕ್ಕೂ ತೋಳಿನ ಬಲ, ತರಬೇತಿ ಬೇಕು. ಆದರೆ ಮರ ಹತ್ತುವವನ ದಾರಿ ಕಾದು ಕೊಳೆರೋಗಕ್ಕೆ ತೋಟ ಒಪ್ಪಿಸುವ ಅನಿವಾರ್ಯತೆ ಈಗಿಲ್ಲ. ಮೂರು ನಾಲ್ಕು ಮನೆ ಸೇರಿ ಒಂದು ದೋಟಿ ಕೊಂಡರೂ ಸಾಕು.

5. ಕಾಗದಪತ್ರ ಸರಿಯಾಗಿರಲಿ. ಸಂಘದ ಷೇರಿಗೆ, ಬ್ಯಾಂಕಿನ ಖಾತೆಗೆ ವಾರಸುದಾರರ ಹೆಸರು ಕೊಟ್ಟಿದ್ದೀರಾ ನೋಡಿಕೊಳ್ಳಿ. ಹೊಸ ಕೆಲಸದ ಸಾಲ, ಜಮೆ, ಖರ್ಚು ಒಂದು ಪುಸ್ತಕದಲ್ಲಿರಲಿ. ಅದು ಎಲ್ಲಿದೆಯೆಂದು ಮನೆಯವರಿಗೆ ತಿಳಿದಿರಲಿ.

6. ಒಬ್ಬರೇ ಮಾಡುವ ಬದಲು ಕೂಡಿ ಮಾಡಿ. ಒಬ್ಬ ಹಿರಿಯನ ಕಾಲು ನೋವಾದ ದಿನ ಇನ್ನೊಬ್ಬ ನರ್ಸರಿಗೆ ನೀರು ಹಾಕುತ್ತಾನೆ. ಹತ್ತು ಮಂದಿ ಸೇರಿದರೆ ಸಾಕೆಂದು 1904ರ ಕಾಯಿದೆಯೇ ಹೇಳಿತ್ತು.

ಕೊನೆಯದಾಗಿ

ಹೊಸದಕ್ಕೆ ಕೈಹಾಕಿದವರೆಲ್ಲರೂ ಗೆಲ್ಲುತ್ತಾರೆಂದು ಈ ಲೇಖನ ಭರವಸೆ ಕೊಡುವುದಿಲ್ಲ. ಕೆಲವರು ಸೋಲುತ್ತಾರೆ. ಆರೋಗ್ಯ ಕೈಕೊಟ್ಟವರು, ಸಾಲದಲ್ಲಿ ಕುತ್ತಿಗೆಯವರೆಗೆ ಮುಳುಗಿದವರು ಸುಮ್ಮನಿರುವುದೇ ಸರಿಯಾದ ಸಂದರ್ಭಗಳೂ ಇವೆ. ಅಂಥವರನ್ನು ಹೇಡಿಗಳೆನ್ನುವ ಹಕ್ಕು ಯಾರಿಗೂ ಇಲ್ಲ. ಆದರೆ ದೇಹವೂ ನಡೆಯುತ್ತಿದೆ, ಮನಸ್ಸೂ ಎಳೆಯುತ್ತಿದೆ, ಹೆದರಿಕೆಯೊಂದೇ ಅಡ್ಡ ನಿಂತಿದೆ ಎನ್ನುವವರು ಒಂದು ಮಾತು ನೆನಪಿಡಬೇಕು. ಹೆದರಿಕೆಗೆ ನಾವು ಕೊಡುವ ಕಾರಣಗಳಲ್ಲಿ "ವಯಸ್ಸಾಯಿತು" ಎಂಬುದು ಅತ್ಯಂತ ಗೌರವದ್ದು. ಆದ್ದರಿಂದಲೇ ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ನಾವೇ ಪ್ರಶ್ನಿಸಿಕೊಳ್ಳಬೇಕು.

ಕಣಗಿನಹಾಳದಲ್ಲಿ ಅಂದು ಬಿತ್ತಿದ್ದು ಜೋಳವೂ ಅಲ್ಲ, ಹತ್ತಿಯೂ ಅಲ್ಲ. ನೆರೆಮನೆಯವನ ಮಾತನ್ನು ನಂಬುವ ಒಂದು ಕ್ರಮ. ಅದು ಫಲ ಕೊಡಲು ಎಷ್ಟು ವರ್ಷ ಬೇಕೆಂದು ಯಾವ ಕೃಷಿ ಪಂಚಾಂಗದಲ್ಲೂ ಬರೆದಿರಲಿಲ್ಲ. ಬರೆದಿಲ್ಲವೆಂದು ಅವರು ಬಿತ್ತದೆ ಬಿಡಲಿಲ್ಲ.

ಈ ವರ್ಷದ ಕೊಯ್ಲು ಮುಗಿದ ಮೇಲೆ, ಮೆಣಸಿನ ಬಳ್ಳಿ ಕತ್ತರಿಸುವ ಕಾಲ ಬರುವ ಮೊದಲು, ನಮ್ಮ ಪ್ರತಿ ಊರಿನ ಹಿರಿಯ ಸದಸ್ಯರು ಒಂದು ಸಂಜೆ ಸಂಘದ ಜಗಲಿಯಲ್ಲಿ ಕೂಡಿ ತಂತಮ್ಮ ತೋಟದ ಒಳ್ಳೆಯ ಬಳ್ಳಿಗಳ ಪಟ್ಟಿ ಮಾಡಲಿ. ಯಾರ ತೋಟದಲ್ಲಿ ಯಾವ ಬಳ್ಳಿ, ಎಷ್ಟು ವರ್ಷದ್ದು, ಎಷ್ಟು ಬಿಡುತ್ತದೆ, ಇಷ್ಟು ಬರೆದರೂ ಆರಂಭಕ್ಕೆ ಸಾಕು. ಖರ್ಚು ಒಂದು ಹಾಳೆ ಕಾಗದ. ಸಹಿ ಹಾಕಲು ಹತ್ತು ಮಂದಿ ಇದ್ದರಾಯಿತು.